ಹೊಳೆ ದಾಟಿ ಬಂದ ಹಸಿರು ಸೀರೆ

ನಾನು ಚಿಕ್ಕವಳಿದ್ದಾಗ ನಮ್ಮೂರ ಹೊಳೆಯ ಈ ದಂಡೆಗೆ ಒಂದು ಸರ್ಕಾರ, ಆ ದಂಡೆಗೆ ಇನ್ನೊಂದು ಸರ್ಕಾರ ಇತ್ತು. ಹೊಳೆ ಅಂದರೆ ನಮ್ಮ ಭೀಮಾ. ಈಗ ಸೊನ್ನದ ಹತ್ತಿರ ಬ್ಯಾರೇಜು ಕಟ್ಟಿ ನೀರು ನಿಲ್ಲಿಸಿದ್ದಾರಲ್ಲ, ಅಲ್ಲಿಂದ ತುಸು ಮೇಲಕ್ಕೆ, ಅಫಜಲಪುರ ಕಡೆಯ ದಂಡೆಯಲ್ಲಿ ನಮ್ಮೂರು. ನಮ್ಮದು ನಿಜಾಮರ ರಾಜ್ಯ. ಆಚೆ ದಂಡೆಯದು ಇಂಗ್ರೇಜರ ರಾಜ್ಯ. ಆಚೆಯವರು ನಮ್ಮನ್ನು ಮೊಗಲಾಯಿಯವರು ಅಂತ ಕರೆಯುತ್ತಿದ್ದರು. ಅವರ ರೂಪಾಯಿ ಬೇರೆ, ನಮ್ಮ ರೂಪಾಯಿ ಬೇರೆ. ಹೊಳೆಯ ಮೀನಿಗೆ ಮಾತ್ರ ಯಾವ ಸರ್ಕಾರವೂ ಇರಲಿಲ್ಲ. ನಗಬೇಡಿ, ಖರೇನೇ ಹೇಳುತ್ತಿದ್ದೇನೆ.

ಎರಡು ಸರ್ಕಾರ ಅಂದ ಮೇಲೆ ನಡುವೆ ಒಂದು ನಾಕಾ ಇರಲೇಬೇಕು. ನಾಕಾ ಅಂದರೆ ಸುಂಕದ ಕಟ್ಟೆ. ಹರಗೋಲು ಬಂದು ನಿಲ್ಲುವ ಜಾಗದಲ್ಲಿ ಒಂದು ಬೇವಿನ ಮರ, ಅದರ ಬುಡಕ್ಕೆ ಕಲ್ಲಿನ ಕಟ್ಟೆ, ಹಿಂದೆ ಮಣ್ಣಿನ ಮಾಳಿಗೆಯ ಒಂದು ಸಣ್ಣ ಕೋಣೆ. ಆಚೆಯಿಂದ ಏನೇ ತಂದರೂ ಅಲ್ಲಿ ಗಂಟು ಬಿಚ್ಚಿ ತೋರಿಸಬೇಕು. ಚಹಾಪುಡಿ, ಕಡ್ಡಿಪೆಟ್ಟಿಗೆ, ಬಳೆ, ಬಟ್ಟೆ, ಎಲ್ಲಕ್ಕೂ ಸುಂಕ. ಬಟ್ಟೆಯ ಲೆಕ್ಕ ಮಾತ್ರ ನನ್ನ ತಲೆಗೆ ಹೋಗುತ್ತಲೇ ಇರಲಿಲ್ಲ. ನಮ್ಮ ಹೊಲದ ಹತ್ತಿಯನ್ನು ನಾವೇ ಬಿಡಿಸುತ್ತಿದ್ದೆವು. ಒಣಗಿದ ಕಾಯಿಯ ತುದಿ ಚುಚ್ಚಿ ಬೆರಳೆಲ್ಲ ಗೀರು ಗೀರಾಗುತ್ತಿತ್ತು. ಆ ಹತ್ತಿ ಗಾಡಿ ಏರಿ ಸೊಲ್ಲಾಪುರದ ಗಿರಣಿಗೆ ಹೋಗುವಾಗ ಒಂದು ಸುಂಕ, ಅದೇ ಹತ್ತಿ ಧೋತರವಾಗಿ ಸೀರೆಯಾಗಿ ವಾಪಸ್ಸು ಬರುವಾಗ ಇನ್ನೊಂದು ಸುಂಕ.

"ನಮ್ಮ ಹತ್ತಿ ನಮ್ಮನೀಗಿ ಬರಾಕ ನಾವ್ಯಾಕ ರೊಕ್ಕ ಕೊಡಬೇಕಪ್ಪಾ?" ಅಂತ ನಾನು ಕೇಳಿದರೆ ಅಪ್ಪ, "ಅದನ್ನ ಹೈದ್ರಾಬಾದಿಗಿ ಹೋಗಿ ಕೇಳ ಬೇ," ಅಂತ ನಕ್ಕುಬಿಡುತ್ತಿದ್ದ. ಅವನಿಗೂ ಗೊತ್ತಿರಲಿಲ್ಲ ಅಂತ ಈಗ ಅನಿಸುತ್ತದೆ.

ನಾಕಾ ಕಾಯುವವರನ್ನು ನಾವು ನಾಕೇದಾರ ಸಾಹೇಬರು ಅನ್ನುತ್ತಿದ್ದೆವು. ವಯಸ್ಸಾದವರು, ತೆಳ್ಳಗೆ ಉದ್ದಕ್ಕೆ ಇದ್ದರು. ಕನ್ನಡಕದ ಒಂದು ಕಡ್ಡಿ ಮುರಿದು ಅಲ್ಲಿ ದಾರ ಕಟ್ಟಿಕೊಂಡಿದ್ದರು. ಅವರ ಮನೆಮಂದಿಯೆಲ್ಲ ಆಳಂದದಲ್ಲಿ. ಇಲ್ಲಿ ಊರ ಅಗಸಿ ಬಾಗಿಲ ಹತ್ತಿರ ಒಬ್ಬರೇ ಅಡುಗೆ ಮಾಡಿಕೊಂಡು ಇದ್ದರು. ಕೈಯಲ್ಲಿ ಯಾವಾಗಲೂ ಒಂದು ಉದ್ದನೆಯ ದಬ್ಬಣ. ಜೋಳದ ಚೀಲಕ್ಕೆ ಅದನ್ನು ಚುಚ್ಚಿ, ಕಿವಿ ಓರೆ ಮಾಡಿ, ಒಳಗೆ ಬೇರೆ ಏನಾದರೂ ಇದೆಯೋ ಅಂತ ಹೇಳಿಬಿಡುತ್ತಿದ್ದರು. ಯಾರಿಂದಲೂ ಒಂದು ಬಾಳೆಹಣ್ಣು ಸಹ ಪುಕ್ಕಟೆ ತಿಂದವರಲ್ಲ. ಅದಕ್ಕೇ ಊರವರಿಗೆ ಅವರ ಮೇಲೆ ಸಿಟ್ಟೂ ಇತ್ತು, ಮರ್ಯಾದೆಯೂ ಇತ್ತು.

ನಾನು ಹೇಳಹೊರಟಿದ್ದು ಯುದ್ಧದ ಕಾಲದ ಮಾತು. ಯುದ್ಧ ಎಲ್ಲೋ ಸಮುದ್ರದಾಚೆ ನಡೆದಿತ್ತಂತೆ. ನಮಗೆ ಅದು ಗೊತ್ತಾಗಿದ್ದು ಬಟ್ಟೆಯಲ್ಲಿ. ಬಟ್ಟೆಗೆ ಕಂಟ್ರೋಲ್ ಬಂತು. ಅಂಗಡಿಯಲ್ಲಿ ಸಾಲು ನಿಂತು ಗಿರಣಿಯ ದಪ್ಪ ಬಟ್ಟೆ ತರಬೇಕು, ಅದೂ ಮನೆಗಿಷ್ಟೇ ಅಂತ. ಒಂದು ದಂಡೆಯಿಂದ ಇನ್ನೊಂದು ದಂಡೆಗೆ ಹೊಸ ಬಟ್ಟೆ ಒಯ್ಯಬೇಕಾದರೆ ಸುಂಕ ಕೊಟ್ಟರೂ ಸಾಲದು, ಸರ್ಕಾರದ ಚೀಟಿ ಬೇಕು. ಚೀಟಿ ಇಲ್ಲದಿದ್ದರೆ ಜಪ್ತಿ. ಆ ಚೀಟಿ ನಮ್ಮಂಥ ಒಕ್ಕಲುತನದವರ ಕೈಗೆ ಸಿಗುತ್ತದೆಯೇ? ಅಯ್ಯ, ಚೀಟಿ ಕೊಡುವ ಕಚೇರಿ ಎಲ್ಲಿದೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ.

ಅದೇ ವರ್ಷ ಅಕ್ಕನ ಲಗ್ನ ಗಟ್ಟಿಯಾಯಿತು. ಹುಡುಗ ಜೇವರ್ಗಿ ಕಡೆಯ ಇಜೇರಿಯವನು. ನಮ್ಮಲ್ಲಿ ಅಕ್ಕಿಕಾಳು, ಅಂದರೆ ಅಕ್ಷತೆ, ಬೀಳುವ ಹೊತ್ತಿಗೆ ಮದುಮಗಳು ಉಡುವುದು ಸೋದರಮಾವ ಕೊಟ್ಟ ಸೀರೆ. ಬೇರೆ ಎಷ್ಟೇ ಸೀರೆ ಇರಲಿ, ಆ ಗಳಿಗೆಗೆ ಅದೇ ಆಗಬೇಕು. ಉಡದಿದ್ದರೆ ಮಾವನಿಗೆ ಮಂದಿಯಲ್ಲಿ ತಲೆ ಎತ್ತಲು ಆಗುವುದಿಲ್ಲ. ನಮ್ಮ ಮಾವ ಇದ್ದದ್ದು ಆಚೆ ದಂಡೆಯಲ್ಲಿ. ಆರು ತಿಂಗಳು ಮೊದಲೇ ಇಳಕಲ್ಲಿನ ನೇಕಾರರಿಗೆ ಹೇಳಿಟ್ಟು, ಕಾದು, ಒಂದು ಸೀರೆ ನೇಯಿಸಿದ್ದ. ಅದನ್ನು ತರಲು, ಹಾಗೆಯೇ ತವರನ್ನು ಲಗ್ನಕ್ಕೆ ಕರೆಯಲು, ಎಳ್ಳ ಅಮಾವಾಸ್ಯೆ ಕಳೆದ ಮೇಲೆ ಅವ್ವ ಹೊರಟಳು. ನಾನೂ ಬಾಲ ಹಿಡಿದೆ.

ಮಾವ ಪೆಟ್ಟಿಗೆಯಿಂದ ಸೀರೆ ತೆಗೆದು ಅವ್ವನ ಮುಂದೆ ಹಾಸಿದ. ಹಸಿರು ಒಡಲು, ಅಂಗೈ ಅಗಲದ ಕೆಂಪು ದಡಿ, ಕೆಂಪು ರೇಷ್ಮೆಯ ಸೆರಗು. ಮುಟ್ಟಿದರೆ ಗರಗರ ಅನ್ನುತ್ತಿತ್ತು. ಗಂಜಿಯ ವಾಸನೆ, ಬಣ್ಣದ ವಾಸನೆ, ಎರಡೂ ಕೂಡಿ ಮೂಗಿಗೆ ಬಂತು. ನಾನು ಕೆನ್ನೆಗೆ ಹಚ್ಚಿಕೊಂಡು ನೋಡಿದೆ. ಅವ್ವ ಕೈಮೇಲೆ ಒಂದು ಏಟು ಕೊಟ್ಟಳು.

ಇದನ್ನು ನಾಕಾ ದಾಟಿಸುವುದು ಹೇಗೆ? ಅದಕ್ಕೆ ನಮ್ಮ ಆಯಿ ಇದ್ದಳಲ್ಲ. ಆಯಿ ಅಂದರೆ ಅವ್ವನ ಅವ್ವ. ಕಣ್ಣು ಮಂಜಾಗಿದ್ದವು, ತಲೆ ಮಾತ್ರ ಭಾಳ ಚುರುಕು. "ಮೈಮ್ಯಾಲ ಉಟ್ಟ ಹಳೀ ಬಟ್ಟಿಗಿ ಯಾವ ಸರ್ಕಾರನೂ ಕೇಳಂಗಿಲ್ಲ. ಹೊಸಾದನ್ನ ಹಳೇದು ಮಾಡೂದು ನನಗ ಬಿಡ್ರಿ," ಅಂದಳು. ಒಗೆದು ಹಳೆಯದು ಮಾಡಿದರೆ ರೇಷ್ಮೆ ಕೆಡುತ್ತದೆ. ಹಾಗಾಗಿ ಆಯಿ ಮೊದಲು ಸೀರೆಯನ್ನು ಮುದ್ದೆ ಮಾಡಿ ಅದರ ಮೇಲೆ ತಾನೇ ಕೂತು ಕಾಳು ಹಸನು ಮಾಡಿದಳು, ಗರಗರ ಹೋಗಲಿ ಅಂತ. ಆಮೇಲೆ ಒಲೆಯ ಮೇಲಿನ ಹಗ್ಗಕ್ಕೆ ತೂಗುಹಾಕಿ ಹೊಗೆ ಹಿಡಿಸಿದಳು. ಕೊನೆಗೆ ಹಳೆಯ ಕುಪ್ಪಸದ ಒಂದು ತುಂಡು ಕತ್ತರಿಸಿ, ಎಲ್ಲರಿಗೂ ಕಾಣುವ ಹಾಗೆ ನಡುವಿಗೇ ಒಂದು ತೇಪೆ ಹಾಕಿಸಿದಳು. ಕಚ್ಚಾ ಹೊಲಿಗೆ. ಮನೆ ಮುಟ್ಟಿದ ಮೇಲೆ ದಾರ ಎಳೆದರೆ ತೇಪೆ ಬಿಚ್ಚಿಕೊಳ್ಳಬೇಕು, ಸೀರೆಗೆ ಏನೂ ಆಗಬಾರದು. ಸರ್ಕಾರಕ್ಕೆ ಮೋಸ ಮಾಡುವುದರಲ್ಲಿ ಆಯಿಗೆ ಅಷ್ಟು ಆನಂದ ಇತ್ತು ಅಂತ ನನಗೆ ಆವತ್ತೇ ಗೊತ್ತಾದದ್ದು!

ಉಡುವವರು ಯಾರು? ಮದುಮಗಳ ಸೀರೆಯನ್ನು ಅವಳಿಗಿಂತ ಮೊದಲು ಇನ್ನೊಬ್ಬ ಹೆಂಗಸು ಉಡಬಾರದು. "ಕೂಸಿಗಿ ಉಡಸ್ರಿ. ಕೂಸು ಉಟ್ರ ದೇವರು ಉಟ್ಟಂಗ, ದೋಷಿಲ್ಲ," ಅಂತ ಆಯಿ ನನ್ನ ಕಡೆ ಬೆರಳು ಮಾಡಿದಳು. ನನಗೆ ಆಗ ಒಂಬತ್ತು ವರ್ಷ. ಹದಿನಾರು ಮೊಳದ ಸೀರೆಯನ್ನು ಲಂಗದ ಮೇಲೆ ಸುತ್ತಿ, ಮಡಚಿ, ಸಿಕ್ಕಿಸಿ, ಮತ್ತೆ ಸುತ್ತಿದರು. ಜೋಳದ ದಂಟು ಕಟ್ಟಿದ ಕಣಕಿ ಸಿವುಡಿನಂತಾದೆ. ಕೈ ಎತ್ತಲೂ ಆಗದು. ಆದರೂ ಏನು ಬೀಗಿದೆನೋ, ಏನು ಬೀಗಿದೆನೋ! ಅಕ್ಕ ಉಡುವ ಮೊದಲೇ ನಾನು ಉಟ್ಟೆ ಅಂತ.

ಹೊರಡುವಾಗ ಆಯಿ ಹೊಸಿಲ ತನಕ ಬಂದಳು. ನನ್ನ ಗದ್ದ ಹಿಡಿದು ಮುದ್ದು ಮಾಡಿದಳು. ಸೆರಗು ಸರಿ ಮಾಡಿದಳು. "ಹುಷಾರಿ, ಬಾಯಿ ಬಿಡಬ್ಯಾಡ ಮತ್ತ," ಅಂದಳು.

ಹರಗೋಲಿನಲ್ಲಿ ನಾವಿಬ್ಬರೇ, ಜೊತೆಗೆ ಅಂಬಿಗ. ಬಿಸಿಲು ಇನ್ನೂ ಎಳೆಯದಿತ್ತು. ದಂಡೆಯ ಹೊಲಗಳಲ್ಲಿ ಸೀತನಿ ಸುಡುವ ಹೊಗೆ ಏಳುತ್ತಿತ್ತು, ಎಳೆಯ ಜೋಳದ ಆ ಸಿಹಿ ವಾಸನೆ ನೀರಿನ ಮೇಲೆಲ್ಲ ಹರಡಿತ್ತು. ಹರಗೋಲು ಗರಗರ ತಿರುಗುತ್ತಿತ್ತು. ಅವ್ವ ಮಡಿಲಲ್ಲಿ ಶೇಂಗಾ ಹೋಳಿಗೆಯ ಗಂಟು ಇಟ್ಟುಕೊಂಡು ಏನೋ ಮಣಮಣ ಅನ್ನುತ್ತಿದ್ದಳು. ದೇವರ ಹೆಸರು ಹೇಳುತ್ತಿದ್ದಳೋ, ನಾಕೇದಾರರಿಗೆ ಹೇಳುವ ಸುಳ್ಳನ್ನು ಬಾಯಿಪಾಠ ಮಾಡುತ್ತಿದ್ದಳೋ, ಗೊತ್ತಿಲ್ಲ.

ನಾಕೇದಾರರು ಕಟ್ಟೆಯ ಮೇಲೆ ದಾಖಲೆ ಪುಸ್ತಕ ತೆರೆದಿಟ್ಟುಕೊಂಡು ಕೂತಿದ್ದರು. "ಏನ್ ತಂಗಿ, ತವರಿಗಿ ಹೋಗಿದ್ದೇನು?" ಅಂದರು.

"ಹೌದ್ರಿ ಸಾಹೇಬ್ರ. ಹಿರೀ ಮಗಳ ಲಗ್ನ ಅದರಿ. ಕರಿಯಾಕ ಹೋಗಿದ್ದೆ."

ಗಂಟು ಬಿಚ್ಚಿಸಿ ನೋಡಿದರು. ಹೋಳಿಗೆಗೆ ದಬ್ಬಣ ಚುಚ್ಚಲಿಲ್ಲ, ಪುಣ್ಯ. ಆಮೇಲೆ ನನ್ನ ಕಡೆ ತಿರುಗಿದರು. "ಅರೆ, ಇಷ್ಟ ಸಣ್ಣ ಹುಡುಗಿಗಿ ಇಷ್ಟ ದೊಡ್ಡ ಸೀರಿ?"

"ಅವರಾಯಿದು ಹಳೀ ಸೀರಿರಿ. ಉಡತೇನಿ ಅಂತ ಹಟಾ ಹಿಡದಾಳ್ರಿ."

ಅವರು ಹತ್ತಿರ ಬಂದರು. ತೇಪೆ ನೋಡಿದರು. ಹೊಗೆಯ ವಾಸನೆ ಬಡಿದಿರಬೇಕು, ಮೂಗು ಸಿಂಡರಿಸಿದರು. "ಹೋಗ್ರಿ, ಹೋಗ್ರಿ," ಅಂತ ಕೈ ಬೀಸಿದರು. ಅವ್ವ ನನ್ನ ರಟ್ಟೆ ಹಿಡಿದು ಎಳೆದೇಬಿಟ್ಟಳು. ಹತ್ತು ಹೆಜ್ಜೆ ಹೋಗಿರಲಿಲ್ಲ, ಹೊಳೆ ಕಡೆಯಿಂದ ಗಾಳಿ ಬಂದು ನನ್ನ ಸೆರಗು ಹಾರಿತು.

"ನಿಂದರ್ರಿ."

ನಾಕೇದಾರರು ಎದ್ದು ಬಂದು ಸೆರಗಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದರು. ಕೆಂಪು ರೇಷ್ಮೆಯ ಮೂಲೆಯಲ್ಲಿ ಹಳದಿಯದೊಂದು ಗುರುತು ಎದ್ದು ಕಾಣುತ್ತಿತ್ತು. ಅರಿಷಿಣ! ನಿಮಗೆ ಗೊತ್ತಲ್ಲ, ಹೊಸ ಬಟ್ಟೆ ಮೈಗೆ ಹಾಕುವ ಮೊದಲು ಮೂಲೆಗೆ ಅರಿಷಿಣ ಹಚ್ಚುತ್ತೇವೆ. ಹೊಸಿಲಲ್ಲಿ ಸೆರಗು ಸರಿ ಮಾಡುವಾಗ ಆಯಿ ಹಚ್ಚಿಬಿಟ್ಟಿದ್ದಳು. ಬೇಕಂತ ಅಲ್ಲ. ಎಪ್ಪತ್ತು ವರ್ಷದ ರೂಢಿ, ಹೊಸ ಬಟ್ಟೆ ಕಂಡ ಕೂಡಲೇ ಬೆರಳು ತಾನಾಗಿಯೇ ಅರಿಷಿಣದ ಬಟ್ಟಲಿಗೆ ಹೋಗಿತ್ತು. ಹೊಗೆ ಹಿಡಿಸಿದ್ದು, ಮೇಲೆ ಕೂತಿದ್ದು, ತೇಪೆ ಹಾಕಿಸಿದ್ದು, ಎಲ್ಲ ನೀರಿಗೆ ಹೋಯಿತು.

"ಹಳೀ ಸೀರಿಗಿ ಯಾರರ ಅರಿಷಿಣ ಹಚ್ಚತಾರೇನ್ ತಂಗಿ?" ಅಂದರು. ದನಿ ಏರಿಸಲಿಲ್ಲ. ತೇಪೆಯ ದಾರದ ತುದಿ ಹಿಡಿದು ಎಳೆದರು. ಸರ್ರಂತ ಬಿಚ್ಚಿಕೊಂಡಿತು. ಕೆಳಗೆ ಒಂದು ತೂತೂ ಇಲ್ಲದ ಹೊಸ ಹಸಿರು ಮಿಂಚಿತು.

ಅವ್ವನ ಮುಖ ಬಿಳಿಚಿತು. ನನಗೆ ಅಳು ತಡೆಯಲಾಗಲಿಲ್ಲ. "ಕಸ್ಕೋಬ್ಯಾಡ್ರಿ ಸಾಹೇಬ್ರ! ನಮ್ಮಕ್ಕ ಅಕ್ಕಿಕಾಳಿಗಿ ಉಡೂ ಸೀರಿ ಇದು. ನಮ್ಮ ಮಾವ ಕೊಟ್ಟಾನ!" ಅಂತ ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ. ಬಾಯಿ ಬಿಡಬೇಡ ಅಂತ ಹೇಳಿ ಕಳಿಸಿದ್ದರಲ್ಲ, ಪೂರಾ ಬಿಟ್ಟೆ. ಅವ್ವ ಚಿವುಟಿದ್ದು ಇನ್ನೂ ನೆನಪಿದೆ.

ನಾಕೇದಾರರು ಕಟ್ಟೆಗೆ ಹೋಗಿ ಕೂತರು. ಲೇಖನಿಯನ್ನು ಮಸಿಯಲ್ಲಿ ಅದ್ದಿದರು, ಬರೆಯಲಿಲ್ಲ. ಮತ್ತೆ ಅದ್ದಿದರು. ಆಮೇಲೆ ಅವ್ವನನ್ನು ಕರೆದರು. "ಕೇಳವ್ವಾ ತಂಗಿ. ಕೂಸಿನ ಮೈಮ್ಯಾಲಿನ ಬಟ್ಟಿ ಬಿಚ್ಚಸೂ ಹುಕುಮ್ ನನಗಿಲ್ಲ. ಅದಕ ಈ ಸೀರಿ ಈ ಹುಡುಗೀದು ಅಂತ ಬರಕೋತೇನಿ. ಆದ್ರ ಇದೇ ಸೀರಿ ಲಗ್ನದಾಗ ಮದುಮಗಳ ಮೈಮ್ಯಾಲ ನನ್ನ ಕಣ್ಣಿಗಿ ಬಿತ್ತು ಅಂದ್ರ, ಅವತ್ತ ನಾ ಬಿಡಾಂವಲ್ಲ. ಜಪ್ತಿ ಮಾಡೂದು ನನ್ನ ನೌಕರಿ. ಮ್ಯಾಲಿನವ್ರಿಗಿ ನಾ ಸುಳ್ಳ ಹೇಳಂಗಿಲ್ಲ."

ಮನೆಗೆ ಬಂದು ಹೇಳಿದಾಗ ಎಲ್ಲರಿಗೂ ಚಿಂತೆ ಹತ್ತಿತು. ಸೀರೆ ಮನೆಗೆ ಬಂದಿದೆ, ಉಡುವ ಹಾಗಿಲ್ಲ! ನಾಕೇದಾರರನ್ನು ಲಗ್ನಕ್ಕೆ ಕರೆಯದಿದ್ದರಾಯಿತು ಅಂದಳು ಅವ್ವ. ಅಪ್ಪ ಒಪ್ಪಲಿಲ್ಲ. "ಊರಾಗ ಒಬ್ಬರೇ ಇರೂ ಮನಶ್ಯಾನ್ನ ಬಿಟ್ಟು ಊಟಕ್ಕ ಕುಂಡ್ರೂದ? ನನ್ನಿಂದ ಆಗಂಗಿಲ್ಲ. ನಿನ್ನ ಹಳೀ ರೇಷ್ಮಿ ಸೀರಿ ಉಡಸು," ಅಂದ. ಹಾಗೆ ಮಾಡಿದರೆ ಮಾವನ ಮುಖ ಏನಾಗಬೇಕು? ನಾನು ಮೂಲೆಯಲ್ಲಿ ಕೂತು ಎಲ್ಲ ನನ್ನ ಬಾಯಿಂದಲೇ ಆಯಿತು ಅಂತ ಸಂಕಟಪಡುತ್ತಿದ್ದೆ. ಅಕ್ಕ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು. ಅಕ್ಕ ಬಹಳ ಮಾತಾಡುವವಳಲ್ಲ.

"ಅಪ್ಪಾ, ಸಾಹೇಬ್ರನ್ನೂ ಕರೀರಿ. ಮಾವ ಕೊಟ್ಟದ್ದನ್ನೂ ನಾ ಉಡತೇನಿ. ಜಪ್ತಿ ಮಾಡೂದಿದ್ರ ಅಕ್ಕಿಕಾಳು ಬಿದ್ದ ಮ್ಯಾಲ ಮಾಡ್ಲಿ," ಅಂದಳು. ಮತ್ತೆ ರೊಟ್ಟಿ ಬಡಿಯತೊಡಗಿದಳು. ಅಪ್ಪ ಹೋಗಿ ಎಲೆ ಅಡಿಕೆ ಕೊಟ್ಟು ಕರೆದು ಬಂದ.

ಲಗ್ನದ ದಿನ ಹಂದರದಲ್ಲಿ ಕಾಲಿಡಲು ಜಾಗ ಇರಲಿಲ್ಲ. ಇಜೇರಿಯ ಬೀಗರು ಒಂದು ಕಡೆ, ನಮ್ಮವರು ಒಂದು ಕಡೆ. ಮಾವ ಹೊಸ ರುಮಾಲು ಸುತ್ತಿಕೊಂಡು ಮುಂದೆಯೇ ನಿಂತಿದ್ದ. ಆಯಿಯೂ ಹರಗೋಲಿನಲ್ಲಿ ಬಂದಿದ್ದಳು. ಅರಿಷಿಣದ ಸುದ್ದಿ ಕೇಳಿದಾಗಿನಿಂದ ತನ್ನ ಬೆರಳನ್ನೇ ಬೈದುಕೊಳ್ಳುತ್ತಿದ್ದಳು. ಗೋಧಿ ಹುಗ್ಗಿಯ ಬೆಲ್ಲದ ಘಮ, ಡೊಳ್ಳು, ಸನಾದಿ. ಯಾವುದೂ ನನಗೆ ಬೇಕಿರಲಿಲ್ಲ. ನನ್ನ ಕಣ್ಣು ಹಂದರದ ಬಾಗಿಲಲ್ಲೇ ಇತ್ತು.

ನಾಕೇದಾರರು ಬಂದರು. ಒಗೆದ ಶೇರವಾನಿ, ತಲೆಗೆ ಟೋಪಿ. ದಬ್ಬಣ ಇರಲಿಲ್ಲ. ಬಾಗಿಲಲ್ಲೇ ಕಣ್ಣು ಕೆಳಗೆ ಹಾಕಿ, ನೆಲ ನೋಡುತ್ತಲೇ ನಡೆದು, ಮನೆಯ ಗ್ವಾಡೆಯ ಹತ್ತಿರ ಹೋಗಿ, ಗ್ವಾಡೆಗೆ ಮುಖ ಮಾಡಿ ಕೂತುಬಿಟ್ಟರು. ಹಂದರಕ್ಕೆಲ್ಲ ಅವರ ಬೆನ್ನು.

ಮಂದಿಗೆ ಅರ್ಥವಾಗಲಿಲ್ಲ. ಬೀಗರಲ್ಲಿ ಒಬ್ಬರು ಸಿಟ್ಟೋ ಏನೋ ಅಂತ ಪಿಸುಗುಟ್ಟಿದರು. ಅಪ್ಪ ಹೋಗಿ, "ಸಾಹೇಬ್ರ, ಈ ಕಡಿ ತಿರಗ್ರಿ. ಮದುಮಕ್ಕಳನ್ನ ನೋಡ್ರಿ," ಅಂದ.

"ಬ್ಯಾಡ ಭಾಯ್. ನೋಡಿದ್ರ ಬರೀಬೇಕಾಗ್ತದ," ಅಂದರು ನಾಕೇದಾರರು.

ಅಷ್ಟೇ ಮಾತು. ಅಪ್ಪ ಒಂದು ಹಿಡಿ ಅಕ್ಕಿಕಾಳು ತಂದು ಅವರ ಕೈಗೆ ಹಾಕಿದ. ಅಕ್ಕ ಹಸಿರು ಸೀರೆ ಉಟ್ಟು ಹೊರಗೆ ಬಂದಳು. ಎಷ್ಟು ಚಂದ ಕಾಣುತ್ತಿದ್ದಳು ಅಂದರೆ, ನನಗೆ ಒಂದು ಕ್ಷಣ ನಾಕಾ, ಜಪ್ತಿ ಎಲ್ಲ ಮರೆತುಹೋಯಿತು. ಮಾವನ ಕಣ್ಣು ತುಂಬಿ ಬಂದವು. ಅಕ್ಕಿಕಾಳು ಬೀಳುವ ಹೊತ್ತಿಗೆ ಎಲ್ಲರೂ ಎದ್ದು ಮದುಮಕ್ಕಳ ಮೇಲೆ ಎರಚಿದರು. ನಾಕೇದಾರರೂ ಎದ್ದರು. ಗ್ವಾಡೆ ನೋಡುತ್ತಲೇ ಕೈ ಹಿಂದಕ್ಕೆ ಬೀಸಿ, ಹೆಗಲ ಮೇಲಿಂದ ಎರಚಿದರು. ಅಕ್ಕನ ತನಕ ಅದೆಲ್ಲಿ ಹೋಗಬೇಕು! ಅರ್ಧ ಸನಾದಿಯವನ ಬಾಯಿಗೆ, ಅರ್ಧ ನನ್ನ ತಲೆಗೆ. ಸನಾದಿ ಕೀ ಅಂತ ಕಿರುಚಿ ನಿಂತಿತು. ಇಡೀ ಹಂದರ ನಕ್ಕಿತು. ಅವರ ಬೆನ್ನೂ ಅಲುಗಾಡುತ್ತಿತ್ತು, ನಗುತ್ತಿದ್ದರು ಅಂತ ನನಗೆ ಖಾತ್ರಿ. ಊಟಕ್ಕೂ ಹಾಗೆಯೇ ಕೂತರು. ಎರಡು ಸಲ ಹುಗ್ಗಿ ಬಡಿಸಿಕೊಂಡರು. ಹೋಗುವಾಗ ಮತ್ತೆ ನೆಲ ನೋಡುತ್ತ ಹೋದರು.

ಮುಂದೆ ದೇಶಕ್ಕೆ ಸ್ವಾತಂತ್ರ್ಯ ಬಂತು. ಮೊದಲು ಆಚೆ ದಂಡೆಗೆ ಬಂತು. ಅಲ್ಲಿ ಬಾವುಟ ಏರಿಸಿ ಪೇಡೆ ಹಂಚಿದರು, ನಾವು ಈ ದಂಡೆಯಲ್ಲಿ ನಿಂತು ಡೊಳ್ಳಿನ ಸದ್ದು ಕೇಳಿದೆವು. ನಮಗೆ ಅದು ಹೊಳೆ ದಾಟಿ ಬರಲು ಇನ್ನೂ ಒಂದು ವರ್ಷದ ಮೇಲೆ ಹಿಡಿಯಿತು. ಅದಾದ ಕೆಲವು ವರ್ಷಕ್ಕೆ ನಾಕಾ ಎತ್ತಿದರು. ನಮ್ಮ ರೂಪಾಯಿ, ಅವರ ರೂಪಾಯಿ ಅನ್ನುವುದೂ ಹೋಯಿತು. ಹತ್ತಿ ಯಾವ ಕಡೆಯಿಂದ ಯಾವ ಕಡೆಗೆ ಹೋದರೂ ಯಾರೂ ದಬ್ಬಣ ಚುಚ್ಚಲಿಲ್ಲ.

ನಾಕೇದಾರರು ಆಳಂದಕ್ಕೆ ಹೊರಟ ದಿನ ನಮ್ಮ ಮನೆಗೆ ಬಂದರು. ಅಕ್ಕ ಮಗುವನ್ನು ಎತ್ತಿಕೊಂಡು ತವರಿಗೆ ಬಂದಿದ್ದಳು. ಅವರು ಕಟ್ಟೆಯ ಮೇಲೆ ಕೂತು, ಸಂಕೋಚದಿಂದ, "ತಂಗಿ, ಈಗರ ಆ ಸೀರಿ ನೋಡಬೌದಲ್ಲ?" ಅಂದರು. ಅಕ್ಕ ಒಳಗೆ ಹೋಗಿ ಅದನ್ನೇ ಉಟ್ಟು ಬಂದು ಎದುರಿಗೆ ನಿಂತಳು. ಹಸಿರು ತುಸು ಮಾಸಿತ್ತು. ಅವರು ಕನ್ನಡಕ ಸರಿ ಮಾಡಿಕೊಂಡು ಬಹಳ ಹೊತ್ತು ನೋಡಿದರು. "ಭಾಳ ಛಲೋ ಅದ. ಅವತ್ತ ತಿರಗಿ ನೋಡಬೇಕು ಅಂತ ನನಗೂ ಭಾಳ ಅನಿಸಿತ್ತವ್ವಾ," ಅಂದರು. ಅಕ್ಕ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ನಮ್ಮವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಮಕ್ಕಳೇ, ಹೋದ ವರ್ಷ ನಿಮ್ಮ ಅಕ್ಕನ ಲಗ್ನಕ್ಕೆ ಸೂರತ್ತಿನಿಂದ ಪಾರ್ಸಲ್ಲಿನಲ್ಲಿ ಸೀರೆ ಬಂದವು. ಪಾರ್ಸಲ್ ತಂದ ಹುಡುಗ ಬಾಗಿಲಲ್ಲಿಟ್ಟು, ಒಂದು ಫೋಟೊ ತೆಗೆದುಕೊಂಡು, ನೀರು ಸಹ ಕುಡಿಯದೆ ಹೋದ. ಭೀಮಾ ಸೇತುವೆಯ ಮೇಲೆ ಕಾರು ಹೋಗುವಾಗ ನೀವು ಫೋನಿನಿಂದ ತಲೆ ಎತ್ತಲಿಲ್ಲ. ನಾನು ಬೈಯಲಿಲ್ಲ. ತಲೆ ಎತ್ತಿ ನೋಡಬೇಕಾದಂಥದ್ದು ಅಲ್ಲಿ ಏನಿದೆ, ನೀರು ಅಷ್ಟೇ. ನಿಮ್ಮ ಅಕ್ಕನ ಲಗ್ನದಲ್ಲಿ ಯಾರೂ ಗ್ವಾಡೆಗೆ ಮುಖ ಮಾಡಿ ಕೂರಲಿಲ್ಲ. ಬಂದವರೆಲ್ಲ ಕಣ್ತುಂಬ ನೋಡಿ ಹೋದರು. ಸ್ವಾತಂತ್ರ್ಯ ಅಂದರೆ ಏನಜ್ಜಿ ಅಂತ ಶಾಲೆಯ ಭಾಷಣಕ್ಕೆ ನೀವು ಕೇಳಿದಿರಲ್ಲ, ದೊಡ್ಡ ದೊಡ್ಡ ಮಾತು ನನಗೆ ಬರುವುದಿಲ್ಲ. ಒಬ್ಬ ಒಳ್ಳೆಯ ಮನುಷ್ಯ ಮದುಮಕ್ಕಳ ಕಡೆ ತಿರುಗಿ ಕೂತು ಲಗ್ನ ನೋಡಬಹುದು. ನನಗೆ ಗೊತ್ತಿರುವುದು ಇಷ್ಟು.